ಅರಿಶಿನದ ಮುಖ ಬೀದಿಗೆ

ಮಂಡಿಕಲ್
19-2-2024

ವಿದುರಾಶ್ವತ್ಥದ ಹಿರಿಯ ಬಡಗಿಗಳಾದ ಶ್ರೀ ಕೊಂಡಪ್ಪನವರ ಸನ್ನಿಧಾನಕ್ಕೆ,

ವಿಷಯ: ತಾವು ಮಾಡಿಕೊಟ್ಟ ಹೆಬ್ಬಾಗಿಲು ಬಂದ ನೆಂಟರನ್ನು ಹೊರಕ್ಕೆ ತಳ್ಳಲಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮುನೇಶ್ ಅವರ ಹಿರಿಯ ಮಗಳೂ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುವವಳೂ ಆದ ಪ್ರಿಯಾಂಕ ಎಂಬ ನಾನು, ಕುಟುಂಬದ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಫೋನಿನಲ್ಲಿ ಅಪ್ಪ ಎರಡು ಸಲ ಗಂಟಲು ಹರಿಯುವಂತೆ ಕೂಗಿದರು. ತಾವು ಎರಡು ಸಲವೂ "ನನಗೆ ಕಿವಿ ಕೇಳ್ಸಲ್ಲ, ಕಾಗದ ಹಾಕಿ" ಎಂದು ಇಟ್ಟುಬಿಟ್ಟಿರಿ. ಆದ್ದರಿಂದ ಕಾಗದ.

ಕಳೆದ ಗುರುವಾರ ಬೆಳಿಗ್ಗೆ, ಹಳೆ ಮನೆಯ ಪಕ್ಕದಲ್ಲೇ ಕಟ್ಟುತ್ತಿರುವ ಹೊಸ ಮನೆಯಲ್ಲಿ ಬಾಗಿಲು ನಿಲ್ಲಿಸುವ ಪೂಜೆ ನಡೆಯಿತು. ಹಿಂದಿನ ಸಂಜೆಯೇ ತಾವು ಜ್ವರದಲ್ಲೂ ಟೆಂಪೋದಲ್ಲಿ ಬಂದು, ಬೇವಿನ ಮರದ ವಾಸಕಾಲಿನ ಚೌಕಟ್ಟನ್ನು ನಾಲ್ಕು ಕಲ್ಲಿನ ಮೇಲೆ ಅಂಗಾತ ಮಲಗಿಸಿ, "ಮೇಲಿರೋದೇ ಬೀದಿ ಮುಖ. ಹಿಂಗೇ ಅರಿಶಿನ ಬಳೀರಿ, ಹಿಂಗೇ ಎತ್ತಿ ನಿಲ್ಸಿ" ಎಂದು ಹೇಳಿ ಕಡೇ ಬಸ್ಸಿಗೆ ಹೋದಿರಿ. ಹಾಗೆಯೇ ಆಯಿತು. ಹೆಂಗಸರು ಮೇಲಿದ್ದ ಮುಖಕ್ಕೆ ಅರಿಶಿನ ಬಳಿದರು. ಮುಹೂರ್ತಕ್ಕೆ ಹನ್ನೊಂದೇ ನಿಮಿಷ ಇತ್ತು. ಐನೋರು "ಎತ್ರಪ್ಪಾ, ಎತ್ರಪ್ಪಾ" ಅಂತ ಕುಣಿದರು. ಗಾರೆ ಕೆಲಸದ ಪಿಳ್ಳಪ್ಪಣ್ಣ ಅರಿಶಿನದ ಮುಖ ಬೀದಿಗೆ ಬರುವಂತೆ ಎತ್ತಿ ನಿಲ್ಲಿಸಿ, ಸಿಮೆಂಟು ತುಂಬಿದರು. ಹೊಸ್ತಿಲ ಕೆಳಗೆ ನವಧಾನ್ಯ, ಮುತ್ತು, ಹವಳ, ಜೊತೆಗೆ ಅಜ್ಜಿಯ ಮೂಗುಬೊಟ್ಟಿನ ಹರಳು. ಎಲ್ಲರೂ ಕೈ ಮುಗಿದೆವು. ನಾನು ಸ್ವಲ್ಪ ಜಾಸ್ತಿಯೇ ಮುಗಿದೆ.

ನಿನ್ನೆ ಅಪ್ಪನೂ ಪಿಳ್ಳಪ್ಪಣ್ಣನೂ ಕದ ಹಿಡಿದು ಅಳತೆ ನೋಡಿದಾಗ ಸತ್ಯ ಹೊರಬಿತ್ತು. ಸತ್ಯದ ಜೊತೆಗೆ ಪಿಳ್ಳಪ್ಪಣ್ಣನೂ ಹೊರಬಿದ್ದರು. ಕದ ಕೂರುವ ತೋಡು ಒಳಗಿರುವ ಬದಲು ಬೀದಿಗಿದೆ. ಕದ ಹೊರಕ್ಕೆ ತೆರೆದುಕೊಳ್ಳುತ್ತದೆ. ಮೆಟ್ಟಿಲ ಮೇಲೆ ನಿಂತಿದ್ದವರನ್ನು ಅದು ಮರಳಿನ ಗುಡ್ಡೆಗೆ ಗುಡಿಸಿ ಹಾಕಿತು. ಅಜ್ಜಿ ಮೂಗಿನ ಮೇಲೆ ಬೆರಳಿಟ್ಟು "ಏಂದಿರಾ ಇದಿ, ಏನ್ರೋ ಇದು! ಲಕ್ಷ್ಮಿ ಬಂದ್ರೂ ಹಿಂಗೇ ತಳ್ತೀರೇನೋ?" ಎಂದಿದ್ದಾರೆ.

ಕಿತ್ತು ಮತ್ತೆ ನಿಲ್ಲಿಸೋಣವೆಂದರೆ ಅಜ್ಜಿ ಒಪ್ಪುವುದಿಲ್ಲ. ಪೂಜೆಯಾದ ಹೊಸ್ತಿಲು ಅಲ್ಲಾಡಬಾರದಂತೆ. ಏಪ್ರಿಲ್ ಕಡೆಯಲ್ಲಿ ಗೃಹಪ್ರವೇಶ. ಊರಿನವರ ತೀರ್ಮಾನ ಇಷ್ಟು: ವಾಸಕಾಲನ್ನು ತಾವೇ ಬೋರಲು ಮಲಗಿಸಿ ಹೋಗಿದ್ದೀರಿ. ಈ ಬಗ್ಗೆ ತಮ್ಮ ಸಮಜಾಯಿಷಿಯನ್ನು ಏಳು ದಿನಗಳೊಳಗೆ ಸಲ್ಲಿಸತಕ್ಕದ್ದು.

ಇಂತಿ ತಮ್ಮ ವಿಶ್ವಾಸಿ,
ಪ್ರಿಯಾಂಕ ಎಂ.
(ಕುಟುಂಬದ ಅಧಿಕೃತ ವಕ್ತಾರೆ, ಸ್ವಯಂ ನೇಮಕ)


ವಿದುರಾಶ್ವತ್ಥ
24-2-2024

ಚಿ. ಪ್ರಿಯಾಂಕಮ್ಮನಿಗೆ ಕೊಂಡಪ್ಪ ಮಾಡುವ ಆಶೀರ್ವಾದ.

ಇಲ್ಲಿ ಕ್ಷೇಮ. ಜ್ವರ ಬಿಟ್ಟಿದೆ. ನಿನ್ನ ಕಾಗದ ಬಂತು, ಎರಡು ಸಲ ಓದಿದೆ. ಅಕ್ಷರ ಮುತ್ತಿನ ಹಾಗಿದೆಯಮ್ಮ. ಕಾಗದ ಓದಿ ನಕ್ಕು ಬಹಳ ದಿನವಾಗಿತ್ತು.

ಜ್ವರದ ತಲೆಯಲ್ಲಿ ಮಲಗಿಸುವಾಗ ಕೈ ತಪ್ಪಿರಬೇಕು. ವಯಸ್ಸು ಎಪ್ಪತ್ತಾರು. ತಪ್ಪು ನನ್ನದೇ ಎಂದು ಮುನೇಶಪ್ಪನಿಗೂ ನಿಮ್ಮಜ್ಜಿ ಲಕ್ಷ್ಮೀನರಸಮ್ಮನವರಿಗೂ ಹೇಳು. ಪಿಳ್ಳಪ್ಪನನ್ನು ಬಯ್ಯಬೇಡಿ, ಅರಿಶಿನ ನೋಡಿ ಎತ್ತಿದ್ದಾನೆ, ಅದು ಅವನ ಪದ್ಧತಿ.

ಒಂದು ಮಾತು ಕೇಳಬೇಕು. ನಾನು ಹೋದ ಮೇಲೆ ವಾಸಕಾಲನ್ನು ಯಾರಾದರೂ ಮುಟ್ಟಿದರಾ? ಮಂಜು ಬಿದ್ದಿದ್ದರೆ ಮರ ಕುಡಿದಿರುತ್ತೆ, ಅದಕ್ಕೆ ಕೇಳಿದೆ.

ಹೊಸ್ತಿಲು ಅಲ್ಲಾಡಿಸಬೇಡಿ. ದಾರಿ ಯೋಚಿಸ್ತೀನಿ.

ಕೊಂಡಪ್ಪ


ಮಂಡಿಕಲ್
29-2-2024

ಮಾನ್ಯ ಕೊಂಡಪ್ಪ ತಾತನವರಿಗೆ,

ನಾಲ್ಕು ವರ್ಷಕ್ಕೊಮ್ಮೆ ಬರುವ ಈ ದಿನಾಂಕದಂದು ತಮ್ಮ ತಪ್ಪೊಪ್ಪಿಗೆಯನ್ನು ಹಜಾರದಲ್ಲಿ ಎಲ್ಲರ ಮುಂದೆ ಓದಲಾಯಿತು. ಅಪ್ಪನ ಕೋಪ ಅರ್ಧ ಇಳಿಯಿತು. "ದೊಡ್ಡ ಮನುಷ್ಯ ಕಣಮ್ಮ. ಯಾವನು ಹಿಂಗೆ ಒಪ್ಕೋತಾನೆ ಈ ಕಾಲದಲ್ಲಿ?" ಎಂದರು. ಪಿಳ್ಳಪ್ಪಣ್ಣ ಮಾತ್ರ ಟೀ ಹೀರುತ್ತಾ, "ಪಾಪ, ವಯಸ್ಸಾಯ್ತು ಬಿಡಿ. ಇನ್ಮೇಲೆ ಅವ್ರ ಕೈಲಿ ಹೆಬ್ಬಾಗಿಲು ಮಾಡ್ಸೋದು ಕಷ್ಟ" ಎಂದರು. ಅಜ್ಜಿ ಕಾಗದವನ್ನು ತಾವೇ ಇಸಿದುಕೊಂಡು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಮುಖ ನೋಡಿದರು. ಯಾಕೋ ಗೊತ್ತಿಲ್ಲ.

ತಮ್ಮ ಪ್ರಶ್ನೆಗೆ ಉತ್ತರ: ರಾತ್ರಿ ಮಂಜು ಬಿದ್ದಿರಲಿಲ್ಲ. ಬೇರೆ ವಿಶೇಷವೇನೂ ನಡೆದಿಲ್ಲ. ನಡೆದಿದ್ದರೆ ವಕ್ತಾರೆಯ ಗಮನಕ್ಕೆ ಬರುತ್ತಿತ್ತು.

ತಾವು ನಿಜವಾಗಿಯೂ ಕೈ ತಪ್ಪಿತೆಂದು ನಂಬಿದ್ದೀರಾ? ಸುಮ್ಮನೆ ಕೇಳಿದೆ. ನಂಬಿದ್ದರೆ ಒಳ್ಳೆಯದೇ.

ತಮ್ಮ ವಿಶ್ವಾಸಿ,
ಪ್ರಿಯಾಂಕ

ವಿ.ಸೂ.: ತಾವು ರಿಪೇರಿಗೆ ಬಂದಾಗ ಮೇಲಿನ ಅಡ್ಡಮರದ ಒಳಮುಖವನ್ನು ನೋಡುವ ಅಗತ್ಯವಿಲ್ಲ. ಅಲ್ಲಿ ಹಲ್ಲಿ ಇದೆ. ಅದಕ್ಕಾಗಿಯೇ ನಾನು ಅಲ್ಲಿಗೂ ದಪ್ಪಗೆ ಅರಿಶಿನ ಬಳಿದಿದ್ದೇನೆ.


ವಿದುರಾಶ್ವತ್ಥ
4-3-2024

ಚಿ. ಪ್ರಿಯಾಂಕಮ್ಮನಿಗೆ ಆಶೀರ್ವಾದ.

ಶಿವರಾತ್ರಿ ಕಳೆದು ಸೋಮವಾರ ಬರ್ತೀನಿ. ನಿಮ್ಮ ತಾತ ನೆಟ್ಟ ಬೇವಿನ ಮರದಲ್ಲಿ ಮಿಕ್ಕ ಎರಡು ಪಟ್ಟಿ ನನ್ನ ಹತ್ತಿರ ಇದೆ, ತರ್ತೀನಿ. ಮರದ ಜಾತಿ ಒಂದೇ ಇರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಒಂದು ಉಬ್ಬುತ್ತೆ, ಒಂದು ಸುಮ್ಮನಿರುತ್ತೆ.

ನಾಲ್ಕು ದಿನದ ಕೆಲಸ. ನನಗೆ ಒಂದು ಸ್ಟೂಲು, ಒಂದು ಚೊಂಬು ನೀರು ಸಾಕು.

ಅರಿಶಿನಕ್ಕೆ ಹೆದರುವ ಹಲ್ಲಿ ನಾನು ನೋಡಿಲ್ಲ. ಬಂದು ನೋಡ್ತೀನಿ.

ಕೊಂಡಪ್ಪ


ಮಂಡಿಕಲ್
18-3-2024

ಕೊಂಡಪ್ಪ ತಾತನಿಗೆ,

ವಿಷಯ: ನಾಲ್ಕು ದಿನಗಳ ಕಾಲ ಕಾಲೇಜಿಗೆ ಚಕ್ಕರ್ ಹೊಡೆದು ಕಂಡಿದ್ದರ ವರದಿ.

ನೀವು ಬಸ್ಸು ಹತ್ತಿದ ಮೇಲೆ ಮನೆ ಭಣಭಣ ಅನ್ನುತ್ತಿದೆ. ಟಕ್ ಟಕ್ ಸದ್ದಿಲ್ಲ.

ನಾನು ನೋಡಿದ್ದನ್ನು ಬರೆದಿಡಬೇಕು. ಮೊದಲ ದಿನ ನೀವು ಉಳಿಯನ್ನೇ ತೆಗೆಯಲಿಲ್ಲ. ಬಾಗಿಲ ಎದುರು ಕೂತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೀ ನೋಡಿದಿರಿ. ಅಪ್ಪ ನನ್ನ ಕಿವಿಯಲ್ಲಿ, "ಏನಮ್ಮ, ಮಲಗ್ಬಿಟ್ರಾ?" ಎಂದರು. ಊಟವಾದ ಮೇಲೆ ಎದ್ದು, ಬೀದಿ ಕಡೆಯ ತೋಡಿಗೆ ಆ ಬೇವಿನ ಪಟ್ಟಿಯನ್ನು ಒತ್ತಿದಿರಿ. ಒಂದೇ ಒತ್ತಿಗೆ ಕೂತಿತು. ಅಳತೆ ಪಟ್ಟಿ ಎಲ್ಲಿ ಎಂದು ಕೇಳಿದೆ. ನೀವು ಹೆಬ್ಬೆರಳು ತೋರಿಸಿದಿರಿ. ಮೊಳೆ ಹೊಡೆಯುತ್ತೀರೇನೋ ಎಂದು ಪಿಳ್ಳಪ್ಪಣ್ಣ ಡಬ್ಬಿ ಹಿಡಿದು ನಿಂತರೆ, ನೀವು ಬಿದಿರಿನ ಗೂಟ ಕೆತ್ತಿ ಕೂರಿಸಿದಿರಿ. ಆಮೇಲೆ ಎರಡು ದಿನ ಆ ಪಟ್ಟಿಯ ಮೇಲೆ ಬೇವಿನೆಲೆಯ ಬಳ್ಳಿ ಬಿಡಿಸಿದಿರಿ. ತಪ್ಪು ಇದ್ದ ಜಾಗ ಯಾವುದು ಅಂತ ಈಗ ಯಾರಾದರೂ ಹುಡುಕಲಿ ನೋಡೋಣ. ಊರಿನ ಹೆಂಗಸರು ನೀರಿಗೆ ಹೋಗುವ ದಾರಿ ಬದಲಿಸಿಕೊಂಡು ನಮ್ಮ ಬಾಗಿಲ ಮುಂದೆ ಬರುತ್ತಿದ್ದಾರೆ.

ಒಳಗಡೆ ಹೊಸ ತೋಡು. ನಿಂತಿರುವ ವಾಸಕಾಲಿಗೆ, ಸ್ಟೂಲಿನ ಮೇಲೆ ನಿಂತು, ಕೈಯುಳಿಯಲ್ಲಿ. ಪಿಳ್ಳಪ್ಪಣ್ಣನೇ, "ಮಿಷಿನ್ನಲ್ಲೂ ಇಷ್ಟು ನೇರ ಬರಲ್ಲ ಕಣಮ್ಮ" ಎಂದರು. ನೀವು ಕೇಳಿಸಲಿಲ್ಲ ಅನ್ನುವ ಹಾಗೆ ಇದ್ದಿರಿ. ನಿಮ್ಮ ಕಿವಿ ಯಾವಾಗ ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಎಂಬುದು ಪ್ರತ್ಯೇಕ ತನಿಖೆಗೆ ಅರ್ಹ.

ಕದ ಈಗ ಒಳಕ್ಕೆ ತೆರೆಯುತ್ತದೆ. ಒಂದು ಬೆರಳಿನಲ್ಲಿ ತಳ್ಳಿದರೆ ಸಾಕು, ಸದ್ದೇ ಇಲ್ಲ.

ಇನ್ನೊಂದು ವಿಷಯ. ಕಡೇ ದಿನ ನೀವು ಮೇಲಿನ ಅಡ್ಡಮರದ ಅರಿಶಿನವನ್ನು ಟವೆಲಿನಲ್ಲಿ ಒರೆಸಿದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ನನ್ನನ್ನು ಕರೆದು "ಒಂದ್ಲೋಟ ನೀರು ತತ್ತಾಮ್ಮ" ಎಂದಿರಿ. ಚೊಂಬು ನಿಮ್ಮ ಕಾಲ ಹತ್ತಿರವೇ ತುಂಬಿತ್ತು. ನಾನು ನೀರು ತರುವಷ್ಟರಲ್ಲಿ ಕೀಸುಳಿ ಹಿಡಿದು ಆ ಮುಖವನ್ನೆಲ್ಲ ಹೆರೆದುಬಿಟ್ಟಿದ್ದಿರಿ. ನೆಲದ ಮೇಲೆ ಮರದ ಸುರುಳಿಗಳು.

ಹಲ್ಲಿ ಸಿಕ್ಕಿತಾ ತಾತ?

ಪ್ರಿಯಾಂಕ


ಮಂಡಿಕಲ್
30-3-2024

ಕೊಂಡಪ್ಪ ತಾತ,

ನಿಮ್ಮಿಂದ ಉತ್ತರವಿಲ್ಲ. ಹನ್ನೆರಡು ದಿನವಾಯಿತು.

ನಿನ್ನೆ ಸಂಜೆ ಪಿಳ್ಳಪ್ಪಣ್ಣ ಹೇಳಿದರು, ಮುದ್ದೇನಹಳ್ಳಿಯಲ್ಲಿ ಹೊಸ ಮನೆ ಕಟ್ಟುತ್ತಿರುವ ಹರಿಕೃಷ್ಣ ಅವರು ಹೆಬ್ಬಾಗಿಲ ಕೆಲಸವನ್ನು ನಿಮಗೆ ಒಪ್ಪಿಸಿದ್ದರು, ಈಗ ಬೇಡ ಅಂದರಂತೆ. "ಮಂಡಿಕಲ್ಲಲ್ಲಿ ಬೋರಲು ಹಾಕಿದ್ರಂತಲ್ಲ, ನಮಗ್ಯಾಕೆ ಆ ತಲೆನೋವು" ಎಂದರಂತೆ. ಅಪ್ಪ "ಅಯ್ಯೋ" ಎಂದರು. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ತಲೆ ಎತ್ತದೆ, "ಐವತ್ತು ವರ್ಷ ಬಾಗಿಲು ಮಾಡ್ದವನಿಗೆ ಒಂದೇ ಬಾಗಿಲಲ್ಲಿ ಹೆಸರು ಹೋಯ್ತಾ?" ಎಂದರು. ನಾನು ಅನ್ನ ಬಿಟ್ಟು ಎದ್ದೆ.

ತಾತ, ಇದಕ್ಕೆ ವಿಷಯ, ಉಲ್ಲೇಖ ಏನೂ ಹಾಕುವುದಿಲ್ಲ.

ನೀವು ಸರಿಯಾಗೇ ಮಲಗಿಸಿದ್ದಿರಿ. ನೀವು ಬಸ್ಸಿಗೆ ಹೋದ ಮೇಲೆ ನಾನು ಕಪ್ಪು ಮಾರ್ಕರ್ ತಂದು, ಮೇಲಿದ್ದ ಬೀದಿ ಮುಖದ ಅಡ್ಡಮರದ ಮೇಲೆ ದಪ್ಪಕ್ಷರದಲ್ಲಿ ಬರೆದೆ: "ಎಚ್ಚರಿಕೆ! ಈ ಮನೆಯ ಹಿರಿಯ ಮಗಳ ಅಪ್ಪಣೆಯಿಲ್ಲದೆ ಒಳಗೆ ಪ್ರವೇಶವಿಲ್ಲ. ಆಡಳಿತ ಮಂಡಳಿ." ಬೆಳಿಗ್ಗೆ ಎಲ್ಲರೂ ನೋಡಿ ನಕ್ಕ ಮೇಲೆ ಒರೆಸಿದರಾಯಿತು ಎಂದುಕೊಂಡಿದ್ದೆ. ಪಾಲಿಶ್ ಇಲ್ಲದ ಮರ ಮಸಿಯನ್ನು ಕುಡಿದುಬಿಟ್ಟಿತು. ಬೆಳಗಿನ ಜಾವ ಸೀಮೆಎಣ್ಣೆ ಹಾಕಿ ಉಜ್ಜಿದೆ, ಸೋಪು ಹಾಕಿದೆ. ಹೋಗಲಿಲ್ಲ. ಅಜ್ಜಿ ಅರಿಶಿನದ ತಟ್ಟೆ ಹಿಡಿದು ಬರುವ ಹೊತ್ತಾಯಿತು. ಕೂಲಿಗೆ ಬಂದಿದ್ದ ನಾಲ್ಕು ಜನಕ್ಕೆ, "ಅಜ್ಜಿ ಹೇಳಿದ್ದಾರೆ, ತಿರುಗಿಸಿ ಮಲಗಿಸಬೇಕಂತೆ" ಎಂದೆ. ಅವರು ತಿರುಗಿಸಿದರು. ಮಾರನೆಯ ದಿನವೇ ಅವರು ಚಿಂತಾಮಣಿ ಕಡೆ ಬೇರೆ ಕೆಲಸಕ್ಕೆ ಹೋದರು. ಹಂಗೆ ತಿರುಗಿಸಿದರೆ ಬಾಗಿಲೇ ತಿರುಗುತ್ತದೆ ಅನ್ನುವುದು, ದೇವರಾಣೆ, ಹೊಳೆಯಲಿಲ್ಲ.

ಕದ ಹೊರಕ್ಕೆ ತೆರೆದ ದಿನ ಹೇಳಬಹುದಿತ್ತು. ಹೇಳುವ ಬದಲು ನಿಮಗೇ ನೋಟೀಸು ಕಳಿಸಿದೆ. ಕೈ ತಪ್ಪಿತು ಅಂತ ನೀವು ಬರೆದಾಗ, ಬಚಾವಾದೆ ಅಂತ ಕುಣಿದೆ.

ನಾಳೆಯೇ ಎಲ್ಲರಿಗೂ ಹೇಳುತ್ತೇನೆ.

ಪ್ರಿಯಾಂಕ


ವಿದುರಾಶ್ವತ್ಥ
3-4-2024

ಚಿ. ಪ್ರಿಯಾಂಕಮ್ಮನಿಗೆ ಆಶೀರ್ವಾದ.

ಮಂಡಿನೋವು ಇತ್ತು, ಪೋಸ್ಟ್ ಆಫೀಸಿಗೆ ಹೋಗಲಾಗಲಿಲ್ಲ. ಬೇರೆ ಏನಿಲ್ಲ.

ಈ ಕಾಗದ ಬರುವಷ್ಟರಲ್ಲಿ ನೀನು ಹೇಳಿರದಿದ್ದರೆ, ಹೇಳಬೇಡ.

ನನಗೆ ನಿನ್ನ ಮೊದಲನೆ ಕಾಗದದಲ್ಲೇ ಗೊತ್ತಾಯ್ತು. ಮಲಗಿಸಿದ್ದು ನಾನು, ಸರಿಯಾಗೇ ಮಲಗಿಸಿದ್ದೆ. ಜ್ವರ ಬಂದರೆ ಮೈಗೆ ಬರುತ್ತೆ, ಕೈಗೆ ಬರಲ್ಲ. ಯಾರು ತಿರುಗಿಸಿದರು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಮೇಲಿನ ಮರ ಒರೆಸಿ ಓದಿದಾಗ ಅದೂ ಗೊತ್ತಾಯ್ತು. ನಗು ತಡೆಯೋಕೆ ಆಗಲಿಲ್ಲ, ಅದಕ್ಕೆ ನಿನ್ನನ್ನು ನೀರಿಗೆ ಕಳಿಸಿದೆ.

ಯಾಕೆ ಹೇಳಲಿಲ್ಲ ಅಂದರೆ ಕೇಳು. ಹೊಸ ಮನೆ ಬಾಗಿಲು ತಿರುಗಿಸಿದವಳು ಅಂತ ಒಂದು ಹೆಣ್ಣು ಮಗುವಿಗೆ ಹೆಸರು ಬಂದರೆ, ಆ ಮನೆಯಲ್ಲಿ ಹಾಲು ಒಡೆದರೂ ನಿನ್ನ ಹೆಸರು, ಹಸು ಕರು ಹಾಕದಿದ್ದರೂ ನಿನ್ನ ಹೆಸರು. ನಾಳೆ ನಿನ್ನ ಮದುವೆ ಮಾತುಕತೆಗೆ ಕೂತವರೂ ಅದೇ ಆಡ್ತಾರೆ. ನಾನು ಇಂಥದ್ದು ನೋಡಿದ್ದೇನೆ. ನನಗೆ ಎಪ್ಪತ್ತಾರು. ಈ ಮಾತನ್ನು ನಾನು ಹೊತ್ತರೆ ಎಷ್ಟು ದಿನ ಹೊರುತ್ತೇನೆ?

ಮುದ್ದೇನಹಳ್ಳಿಯವರದು ಬಿಡು. ಬರಹ ಹೆರೆದು ಹಾಕಿದ್ದೇನೆ, ಯಾವ ಗುರುತೂ ಉಳಿದಿಲ್ಲ. ಓದಿಕೋ.

ಕೊಂಡಪ್ಪ


ಮಂಡಿಕಲ್
10-4-2024

ಪೂಜ್ಯ ಕೊಂಡಪ್ಪ ತಾತನಿಗೆ,

ನಿಮ್ಮ ಕಾಗದ ಸರಿಯಾದ ಸಮಯಕ್ಕೆ ಬಂತು. ಅಂದರೆ, ಬಾಯಿಗೆ ಬೀಗ ಹಾಕಿಕೊಂಡು ಹಾಯಾಗಿರಲು ಸರಿಯಾದ ಸಮಯಕ್ಕೆ. "ನಾಳೆಯೇ" ಎಂದು ಬರೆದವಳು ಆ ನಾಳೆಯನ್ನು ದಿನಾ ಮುಂದೂಡುತ್ತಿದ್ದೆ. ಕಾಗದವನ್ನು ಮೂರು ದಿನ ದಿಂಬಿನ ಕೆಳಗೆ ಇಟ್ಟುಕೊಂಡೆ. ಅದರ ಮೇಲೆ ನಿದ್ದೆ ಬರುವುದಿಲ್ಲ ತಾತ.

ನಿನ್ನೆ ಯುಗಾದಿ. ಒಬ್ಬಟ್ಟಿನ ಊಟಕ್ಕೆ ಪಿಳ್ಳಪ್ಪಣ್ಣನನ್ನೂ ಕರೆದಿದ್ದೆವು. ಎಲೆ ಹಾಕಿದ ಮೇಲೆ ಎದ್ದು ನಿಂತು, "ಮಹಾಜನಗಳೇ" ಎಂದೆ. ಅಭ್ಯಾಸ ಬಲ, ಬೇರೆ ರೀತಿ ಶುರು ಮಾಡಲು ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಮಾರ್ಕರ್, ಸೀಮೆಎಣ್ಣೆ, ಕೂಲಿಯವರು, ನೋಟೀಸು. 

ಎಲ್ಲರೂ ನಕ್ಕರು.

ನಿಜವಾಗಿ. ಪಿಳ್ಳಪ್ಪಣ್ಣ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದರು. "ಹೋದ ವರ್ಷ ನಮ್ಮನೆ ಮುಂದೆ 'ಮನೆ ಮಾರಾಟಕ್ಕಿದೆ' ಅಂತ ಬೋರ್ಡ್ ಹಾಕಿದವಳಲ್ವಾ ನೀನು? ಮೂರು ಜನ ನೋಡಕ್ಕೆ ಬಂದಿದ್ರು!" ಎಂದರು. ಅಪ್ಪ ಮಾತ್ರ ನಗದೆ, ಮೆತ್ತಗೆ, "ತಾತನ ಮೇಲೆ ಪ್ರೀತಿ ಕಣಪ್ಪ ಅವಳಿಗೆ. ಅವ್ರ ಮಾನ ಉಳಿಸಕ್ಕೆ ಕಥೆ ಕಟ್ತಿದ್ದಾಳೆ. ಕೂತ್ಕೊಳಮ್ಮ, ಒಬ್ಬಟ್ಟು ಆರುತ್ತೆ" ಎಂದರು. ಸುಳ್ಳು ಹೇಳಿದಾಗಲೆಲ್ಲ ನನ್ನನ್ನು ನಂಬಿದ ಮನೆ ಇದು. ನಿಜ ಹೇಳಿದ ದಿನ ಸಾಕ್ಷಿ ಕೇಳುತ್ತಿದೆ, ಆ ಸಾಕ್ಷಿಯನ್ನು ನೀವು ಹೆರೆದು ಹಾಕಿದ್ದೀರಿ. ನಾನು ಅತ್ತುಬಿಟ್ಟೆ. ಅದನ್ನೂ ನಾಟಕ ಎಂದರು.

ಆಗ ಅಜ್ಜಿ ಬಡಿಸುವ ಸೌಟು ಕೆಳಗಿಟ್ಟು ಒಳಗೆ ಹೋದರು. ಅರಿಶಿನದ ಡಬ್ಬಿ ತಂದರು. ಅದರೊಳಗಿಂದ ಮರದ ಒಂದು ಸುರುಳಿ ತೆಗೆದು, ಹಜಾರದ ನೆಲದ ಮೇಲೆ ನಿಧಾನಕ್ಕೆ ಬಿಚ್ಚಿ, ಆ ತುದಿಗೆ ಒಂದು ಲೋಟ, ಈ ತುದಿಗೆ ಒಂದು ಲೋಟ ಇಟ್ಟರು. ಈರುಳ್ಳಿ ಸಿಪ್ಪೆಯಷ್ಟು ತೆಳು, ಒಂದು ಮಾರುದ್ದ, ಎಲ್ಲೂ ಹರಿದಿಲ್ಲ. ನಿಮ್ಮ ಕೈಯಲ್ಲದೆ ಬೇರೆ ಯಾರ ಕೈಯಲ್ಲೂ ಹಾಗೆ ಬರುವುದಿಲ್ಲ. ಅದರ ಮೇಲೆ ನನ್ನ ದಪ್ಪಕ್ಷರ. "ಹಿರಿಯ ಮಗಳ ಅಪ್ಪಣೆಯಿಲ್ಲದೆ" ಅನ್ನುವಷ್ಟನ್ನು ಸ್ಪಷ್ಟವಾಗಿ ಓದಬಹುದು.

"ಈ ಮನೆ ಕಸ ಗುಡಿಸೋಳು ನಾನು ಕಣ್ರೋ" ಎಂದರು ಅಜ್ಜಿ. "ಕಸದಲ್ಲಿ ಏನಿರುತ್ತೆ ಅಂತ ನನಗೆ ಗೊತ್ತಿರುತ್ತೆ. ಈಗ ಒಳಗಡೆ ಇರೋ ಈ ಮುಖ ಮಲಗಿಸಿದ್ದಾಗ ಮೇಲಿತ್ತು, ಅದಕ್ಕೆ ತಾನೇ ಇವಳು ಇದ್ರ ಮೇಲೆ ಬರೆದಿರೋದು? ಕೊಂಡಪ್ಪ ಸರಿಯಾಗೇ ಮಲಗ್ಸಿದ್ದ."

ಪಿಳ್ಳಪ್ಪಣ್ಣನ ಬಾಯಲ್ಲಿದ್ದ ಒಬ್ಬಟ್ಟು ಹಾಗೇ ಇತ್ತು.

"ಮತ್ತೆ ಇಷ್ಟು ದಿನ ಯಾಕಜ್ಜಿ ಹೇಳ್ಲಿಲ್ಲ?" ಎಂದೆ.

"ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ. ಗೃಹಪ್ರವೇಶದವರೆಗೂ ಗಡುವು ಇಟ್ಟಿದ್ದೆ."

ಅಪ್ಪ ಊಟ ಬಿಟ್ಟು ಪಕ್ಕದ ಹೊಸ ಮನೆಯ ಬಾಗಿಲ ಹತ್ತಿರ ಹೋಗಿ, ಬೇವಿನೆಲೆಯ ಬಳ್ಳಿಯ ಮೇಲೆ ಕೈಯಾಡಿಸುತ್ತಾ ನಿಂತುಬಿಟ್ಟರು. "ನಮ್ಮ ತಪ್ಪನ್ನ ತಾನು ಹೊತ್ಕೊಂಡು ಬಂದು ಇಂಥ ಕೆಲಸ ಮಾಡಿ ಹೋದ್ರಲ್ಲಮ್ಮ" ಎಂದರು. ಹಿಂದೆಯೇ ಹೋಗಿದ್ದ ನಾನು ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಪಿಳ್ಳಪ್ಪಣ್ಣ ಇವತ್ತು ಬೆಳಿಗ್ಗೆಯೇ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮುದ್ದೇನಹಳ್ಳಿಗೆ ಹೋದರು. ಹರಿಕೃಷ್ಣ ಅವರ ಮುಂದೆ ನಾನೇ ಹೇಳಿದೆ, ಸುರುಳಿ ತೋರಿಸಿದೆ. ಅವರ ಹೆಂಡತಿ ಸುರುಳಿಯನ್ನು ಬೆಳಕಿಗೆ ಹಿಡಿದು, "ಇಷ್ಟು ತೆಳ್ಳಗೆ ಹೆರೀತಾರಾ? ನಮ್ಮ ಬಾಗಿಲೂ ಅವರೇ ಮಾಡಲಿ" ಎಂದರು. ಬೀದಿ ಕಡೆಗೆ ಬಳ್ಳಿಯೂ ಬೇಕಂತೆ.

ನನಗೆ ಬರುವ ಹೆಸರಿನ ಬಗ್ಗೆ ನೀವು ಬರೆದಿದ್ದು ನಿಜ. ಇವತ್ತು ಹಾಲು ಒಡೆಯಿತು, ಅಮ್ಮ ನನ್ನ ಕಡೆಯೇ ನೋಡಿದರು. ನೋಡಲಿ ತಾತ. ಅದು ನನ್ನ ಹೆಸರೇ ತಾನೇ, ನನ್ನ ಹತ್ತಿರವೇ ಇರಲಿ.

ಏಪ್ರಿಲ್ 28ಕ್ಕೆ ಗೃಹಪ್ರವೇಶ. ನಮಗಿಂತ ಮೊದಲು ಆ ಹೊಸ್ತಿಲು ದಾಟಬೇಕಾದವರು ನೀವು ಎಂದು ಅಜ್ಜಿ ಹೇಳಿದ್ದಾರೆ. ಅಪ್ಪ ಕಾರು ಕಳಿಸುತ್ತಾರೆ. ಬರಬೇಕು.

ನಿಮ್ಮ,
ಪ್ರಿಯಾಂಕ


ವಿದುರಾಶ್ವತ್ಥ
16-4-2024

ಮಂಡಿಕಲ್ ಹೊಸ ಮನೆಯ ಆಡಳಿತ ಮಂಡಳಿಯವರ ಸನ್ನಿಧಾನಕ್ಕೆ,

ವಿಷಯ: ಒಳಗೆ ಬರಲು ಅಪ್ಪಣೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೊಂಡಪ್ಪ ಎಂಬ ನಾನು ಬರೆದುಕೊಳ್ಳುವ ಅರ್ಜಿ. ಐವತ್ತು ವರ್ಷದಲ್ಲಿ ಬಹಳ ಬಾಗಿಲು ಮಾಡಿದ್ದೇನೆ. ನಿಲ್ಲಿಸಿದ ಮೇಲೆ ಹಿಂಬಾಗಿಲಲ್ಲಿ ಊಟ ಮಾಡಿ ಬಂದಿದ್ದೇ ಹೆಚ್ಚು. ಮೊದಲು ನೀನೇ ದಾಟು ಅಂತ ಯಾರೂ ಕರೆದಿರಲಿಲ್ಲ. ನಿನ್ನ ಕಾಗದವನ್ನು ಮಗನ ಕೈಲಿ ಜೋರಾಗಿ ಓದಿಸಿದೆ. ಕಿವಿ ಚೆನ್ನಾಗಿ ಕೇಳಿಸಿತು.

ಕಾರು ಬೇಡ, ಗೌರಿಬಿದನೂರಿಗೆ ಬಂದು ಬಸ್ಸು ಹಿಡೀತೀನಿ. ಹೊಸ ಪಂಚೆ ಉಟ್ಟಿರ್ತೀನಿ. ಆ ದಿನ ಮಾರ್ಕರನ್ನು ಲಕ್ಷ್ಮೀನರಸಮ್ಮನವರ ವಶಕ್ಕೆ ಕೊಟ್ಟಿರತಕ್ಕದ್ದು.

ಬಾಗಿಲು ಒಳಕ್ಕೇ ತೆರೆಯುತ್ತೆ, ನಾನೇ ನೋಡಿದ್ದೇನೆ. ಆದರೂ ಬರಹದಲ್ಲಿ ಇದ್ದದ್ದು ಬರಹವೇ. ಆದ್ದರಿಂದ ಹಿರಿಯ ಮಗಳು ಹೊಸ್ತಿಲ ಹತ್ತಿರ ನಿಂತಿದ್ದು, ಖುದ್ದು ಬಾಯಿಂದ ಅಪ್ಪಣೆ ಕೊಡಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೂ ಮೆಟ್ಟಿಲ ಮೇಲೆ ಕಾಯ್ತೀನಿ.

ಕೊಂಡಪ್ಪ
ಬಡಗಿ